ಕಣದಲ್ಲಿ ಒಂಟಿಯಾಗುವ ಗಳಿಗೆ: ಸ್ಪರ್ಧಾತಂಕ, ಲಿಂಗಭೇದ ಮತ್ತು ಆಟದ ಬಗೆ

ಸ್ಪರ್ಧೆಗೆ ಇಳಿಯುವ ಮೊದಲು ಅಥವಾ ಸ್ಪರ್ಧೆ ನಡೆಯುತ್ತಿರುವಾಗ, ತನ್ನ ಸಾಮರ್ಥ್ಯವನ್ನು ನಾಲ್ಕು ಜನರ ಕಣ್ಣೆದುರು ಅಳೆಯಲಾಗುತ್ತಿದೆ ಎಂಬ ಅರಿವಿನಿಂದ ಕ್ರೀಡಾಪಟುವಿನ ಮನಸ್ಸಿನಲ್ಲೂ ದೇಹದಲ್ಲೂ ಏಳುವ ಕಳವಳವನ್ನು ಕ್ರೀಡಾ ಮನೋವಿಜ್ಞಾನವು ಸ್ಪರ್ಧಾತಂಕ ಎಂದು ಗುರುತಿಸುತ್ತದೆ. ಎದುರಿಗಿರುವ ಅಪಾಯ ಹುಟ್ಟಿಸುವ ಭಯಕ್ಕೂ ಇದಕ್ಕೂ ಅಂತರವಿದೆ: ವೇಗದ ಚೆಂಡು ಮೈಗೆ ಬಡಿದೀತು ಎಂಬುದು ಭಯ, ಆ ಚೆಂಡಿಗೆ ಹೆದರಿದ್ದನ್ನು ಜನ ಕಂಡಾರು ಎಂಬುದು ಆತಂಕ. ಮೈದಾನದಲ್ಲಿ ಇವೆರಡೂ ಒಂದರೊಳಗೊಂದು ಬೆರೆತಿರುತ್ತವೆಯಾದರೂ ಮೊದಲನೆಯದು ಚೆಂಡು ದಾಟಿಹೋದೊಡನೆ ತಣ್ಣಗಾಗುತ್ತದೆ, ಎರಡನೆಯದು ಹಿಂದಿನ ರಾತ್ರಿಯ ನಿದ್ದೆಯನ್ನೂ ಮರುದಿನದ ಊಟವನ್ನೂ ಕೆಡಿಸುತ್ತದೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು, ಗಂಡುಮಕ್ಕಳಲ್ಲಿ ಕಡಿಮೆ ಎಂಬ ಮಾತೂ, ಒಬ್ಬೊಬ್ಬರೇ ಆಡುವ ಆಟಗಳಲ್ಲಿ ಹೆಚ್ಚು, ತಂಡದ ಆಟಗಳಲ್ಲಿ ಕಡಿಮೆ ಎಂಬ ಮಾತೂ ದೈಹಿಕ ಶಿಕ್ಷಣದ ತರಗತಿಗಳಲ್ಲಿ ಸೂತ್ರಗಳಂತೆ ನೆಲೆಯೂರಿವೆ. ಎರಡಕ್ಕೂ ಸಂಶೋಧನೆಯ ಆಧಾರ ಉಂಟು, ಅದನ್ನು ಅಲ್ಲಗಳೆಯುವ ಉದ್ದೇಶ ಈ ಉಪನ್ಯಾಸಕ್ಕಿಲ್ಲ. ಆದರೆ ಆ ಅಂಕಗಳು ಹೆಣ್ಣಿನ ಅಥವಾ ಗಂಡಿನ ಹುಟ್ಟುಗುಣವನ್ನು ಹೇಳುತ್ತವೆ ಎಂದು ಓದುವುದು ತಪ್ಪು. ಆಟಗಾರರು ಎಷ್ಟರ ಮಟ್ಟಿಗೆ ಒಂಟಿಯಾಗಿ, ಯಾರ ಕಣ್ಣೆದುರು, ಏನನ್ನು ಪಣಕ್ಕಿಟ್ಟು ನಿಲ್ಲಬೇಕಾಗಿದೆ ಎಂಬುದನ್ನೇ ಅವು ಬಹುಪಾಲು ಅಳೆಯುತ್ತವೆ ಎಂಬುದು ಇಲ್ಲಿ ಮಂಡಿಸಬೇಕಾಗಿರುವ ವಾದ.

ಈ ವಾದವನ್ನು ಒರೆಗೆ ಹಚ್ಚಲು ಮಹಾರಾಷ್ಟ್ರದ ಗಡಿಯಲ್ಲಿರುವ ಸೊಲ್ಲಾಪುರ ಮತ್ತು ಅಕ್ಕಲಕೋಟದ ಸೀಮೆ ತಕ್ಕ ನೆಲವೇ ಆಗಿದೆ. ನವಿ ಪೇಠದ ಅಂಗಡಿಸಾಲುಗಳಿಂದ ನಡೆದೇ ತಲುಪಬಹುದಾದ ಪಾರ್ಕ್ ಮೈದಾನದಲ್ಲಿ ರಣಜಿ ಪಂದ್ಯಗಳು ನಡೆದಿವೆ. ಗಿರಣಿಗಳ ಕಾಲದ ತಾಲೀಮುಗಳ, ಅಂದರೆ ಗರಡಿಮನೆಗಳ, ನೆನಪು ನಗರದ ಹಳೆಯ ಪೇಠಗಳಲ್ಲಿ ಇನ್ನೂ ಉಳಿದಿದೆ. ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳ ಮಕ್ಕಳು ಖೋಖೋ, ಕಬಡ್ಡಿ ಆಡುತ್ತಾರೆ, ಜಾತ್ರೆಯ ಕಣದಲ್ಲಿ ಪೈಲ್ವಾನರು ಸೆಣಸುತ್ತಾರೆ. ಗಡಿ ತಕರಾರನ್ನು ಪರಿಶೀಲಿಸಿದ ಮಹಾಜನ ಆಯೋಗದ 1967ರ ವರದಿ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದ ಪ್ರದೇಶಗಳಲ್ಲಿ ಅಕ್ಕಲಕೋಟವೂ ಒಂದು. ಆ ಶಿಫಾರಸು ಜಾರಿಗೆ ಬರಲಿಲ್ಲ, ಇಲ್ಲಿನ ಕನ್ನಡದ ಮಕ್ಕಳು ಮರಾಠಿಯಲ್ಲಿ ನಡೆಯುವ ಪಂದ್ಯಾವಳಿಗಳಲ್ಲಿ ಆಡುತ್ತ ಬೆಳೆದರು. ಒಂಟಿ ಆಟ, ತಂಡದ ಆಟ, ಗಂಡಿನ ಕಣ, ಹೆಣ್ಣಿನ ಕಣ, ಮನೆಯ ಭಾಷೆ, ಮೈದಾನದ ಭಾಷೆ ಇವೆಲ್ಲವೂ ಒಂದೇ ಕಡೆ ಸಿಗುವ ಜಾಗ ಇದು.

ಮೊದಲು ಕೆಲವು ಪರಿಕಲ್ಪನೆಗಳನ್ನು ಬಿಡಿಸಿಕೊಳ್ಳಬೇಕು. ಅಮೆರಿಕದ ಮನೋವಿಜ್ಞಾನಿ ಚಾರ್ಲ್ಸ್ ಸ್ಪೀಲ್‌ಬರ್ಗರ್ 1966ರಲ್ಲಿ ಆತಂಕವನ್ನು ಎರಡಾಗಿ ವಿಂಗಡಿಸಿದರು: ಯಾವುದೇ ಸನ್ನಿವೇಶವನ್ನು ಬೆದರಿಕೆಯೆಂದು ಬಗೆಯುವ ಸ್ಥಿರವಾದ ಪ್ರವೃತ್ತಿ ಸ್ವಭಾವಾತಂಕ, ಇಂಥ ಗಳಿಗೆಯಲ್ಲಿ, ಇಂಥ ಎದುರಾಳಿಯ ಮುಂದೆ ಏರಿ ಆಮೇಲೆ ಇಳಿಯುವುದು ಸ್ಥಿತ್ಯಾತಂಕ. ಕ್ರೀಡೆಗೆ ಈ ಭೇದವನ್ನು ಅನ್ವಯಿಸಿದ ರೇನರ್ ಮಾರ್ಟೆನ್ಸ್ 1977ರಲ್ಲಿ ಹದಿನೈದು ಹೇಳಿಕೆಗಳ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಅದರಲ್ಲಿ ಐದು ಹೇಳಿಕೆಗಳು ಉತ್ತರಿಸುವವರ ಗಮನವನ್ನು ಬೇರೆಡೆ ಹರಿಸಲೆಂದೇ ಇರುವಂಥವು, ಉಳಿದ ಹತ್ತಕ್ಕೆ ಅಂಕ ಸಿಗುವುದರಿಂದ ಮೊತ್ತ 10ರಿಂದ 30ರವರೆಗೆ ಬರುತ್ತದೆ. ಇದು ಸ್ವಭಾವದ ಅಳತೆ. ಪಂದ್ಯಕ್ಕೆ ಸ್ವಲ್ಪ ಮೊದಲು ತುಂಬಿಸುವ ಇನ್ನೊಂದು ಪ್ರಶ್ನಾವಳಿಯನ್ನು ಮಾರ್ಟೆನ್ಸ್, ರಾಬಿನ್ ವೀಲಿ ಮತ್ತು ಡೇಮನ್ ಬರ್ಟನ್ ರೂಪಿಸಿ 1990ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಅದರ 27 ಹೇಳಿಕೆಗಳು ಒಂಬತ್ತೊಂಬತ್ತರಂತೆ ಮೂರು ಭಾಗಗಳಾಗಿ ನಿಲ್ಲುತ್ತವೆ. ಸೋತರೆ ಹೇಗೆ, ತಪ್ಪಾದರೆ ಹೇಗೆ ಎಂಬ ಯೋಚನೆಗಳ ಸುಳಿಯು ಚಿಂತನಾತಂಕ. ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಹೊಟ್ಟೆ ತೊಳಸುವುದು ದೈಹಿಕಾತಂಕ. ಮೂರನೆಯದು ಆತ್ಮವಿಶ್ವಾಸ, ಅದು ಆತಂಕದ ಬರಿಯ ಅಭಾವವಲ್ಲ, ತಾನೇ ಒಂದು ಬಲ. ಭಾರತದ ದೈಹಿಕ ಶಿಕ್ಷಣ ವಿಭಾಗಗಳಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ಬರೆದ ಅನೇಕ ಪ್ರಬಂಧಗಳು ಈ ಎರಡು ಸಾಧನಗಳನ್ನೇ ಹಿಡಿದುಕೊಂಡು, ಗಂಡು ಹೆಣ್ಣಿನ ಸರಾಸರಿಗಳನ್ನು ಹೋಲಿಸಿ, ವ್ಯತ್ಯಾಸ ಕಂಡೊಡನೆ ಮುಗಿಯುತ್ತವೆ. ವಿಚಾರ ಶುರುವಾಗಬೇಕಾದದ್ದು ಅಲ್ಲಿಂದಲೇ.

ಆಟದ ಬಗೆಯನ್ನು ಮೊದಲು ನೋಡಬಹುದು. ಜೂಲಿ ಸೈಮನ್ ಮತ್ತು ಮಾರ್ಟೆನ್ಸ್ 1979ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 9ರಿಂದ 14 ವರ್ಷದ ಹುಡುಗರ ಆತಂಕವನ್ನು ಹನ್ನೊಂದು ಚಟುವಟಿಕೆಗಳಲ್ಲಿ ಅಳೆದು ನೋಡಲಾಯಿತು. ಆಟಗಳ ಪೈಕಿ ಕುಸ್ತಿಯಲ್ಲಿ ಆತಂಕ ಎಲ್ಲಕ್ಕಿಂತ ಹೆಚ್ಚಿತ್ತು, ತಂಡದ ಆಟಗಳಲ್ಲಿ ಕಡಿಮೆಯಿತ್ತು. ಆದರೆ ಕುಸ್ತಿಯನ್ನೂ ಮೀರಿಸಿದ್ದು ಆಟವೇ ಅಲ್ಲದ ಒಂದು ಚಟುವಟಿಕೆ: ಸಭಿಕರ ಮುಂದೆ ಒಬ್ಬನೇ ನಿಂತು ವಾದ್ಯ ನುಡಿಸುವುದು. ಈ ಒಂದು ಸಂಗತಿ ಇಡೀ ಚರ್ಚೆಯ ಬೀಗದ ಕೈ ಎಂದರೂ ಸಲ್ಲುತ್ತದೆ. ವಾದ್ಯ ನುಡಿಸುವ ಹುಡುಗನ ಮುಂದೆ ಎದುರಾಳಿ ಬಂದು ನಿಲ್ಲುವುದಿಲ್ಲ, ಪೆಟ್ಟಾಗುವ ಭಯವೂ ಇಲ್ಲ. ಅವನಿಗಿರುವುದು ಕಣ್ಣುಗಳು ಮಾತ್ರ, ಮತ್ತು ತಪ್ಪನ್ನು ಹಂಚಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲದಿರುವಿಕೆ. ಪೋರ್ಚುಗಲ್‌ನ ಸುಮಾರು ಆರುನೂರು ಕ್ರೀಡಾಪಟುಗಳ ಮೇಲೆ ಮಾರಿಯೊ ಕೊರೇಯ ಮತ್ತು ಆಂಟೋನಿಯೊ ರೊಸಾಡೊ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಒಂಟಿ ಆಟದವರಲ್ಲಿ, ಹಾಗೆಯೇ ಮಹಿಳೆಯರಲ್ಲಿ, ಆತಂಕದ ಮಟ್ಟ ಹೆಚ್ಚಾಗಿಯೇ ಕಂಡಿತು. ನಲವತ್ತು ವರ್ಷಗಳ ಅಂತರದಲ್ಲಿ, ಬೇರೆ ಬೇರೆ ದೇಶಗಳಲ್ಲಿ ಒಂದೇ ದಿಕ್ಕಿನ ಫಲಿತಾಂಶ ಬಂದಿದೆಯೆಂದರೆ ಅದರ ಹಿಂದಿನ ಕಾರಣವನ್ನು ಹುಡುಕದೆ ಬಿಡುವಂತಿಲ್ಲ.

ಆದರೆ ಒಂಟಿ ಆಟ ಮತ್ತು ತಂಡದ ಆಟ ಎಂಬ ವಿಂಗಡಣೆ ಈ ನೆಲದ ಆಟಗಳ ಮುಂದೆ ಸಾಲದಾಗುತ್ತದೆ. ಕಬಡ್ಡಿ ಏಳು ಜನರ ಆಟವೆಂದು ನಿಯಮ ಪುಸ್ತಕ ಹೇಳುತ್ತದೆ. ದಾಳಿಗೆ ಹೋದವನಿಗೆ ಮಾತ್ರ ಅದು ಮೂವತ್ತು ಸೆಕೆಂಡುಗಳ ಕಾಲ ಏಳು ಜನರ ವಿರುದ್ಧ ಒಬ್ಬನ ಆಟ. ವೃತ್ತಿಪರ ಕಬಡ್ಡಿಯಲ್ಲಿ ಎರಡು ದಾಳಿಗಳು ಸತತವಾಗಿ ಬರಿಗೈಯಲ್ಲಿ ಮುಗಿದರೆ ಮೂರನೆಯದು ಮಾಡು ಇಲ್ಲವೇ ಮಡಿ ದಾಳಿಯಾಗುತ್ತದೆ, ಅಂಕ ತರದೆ ಮರಳಿದರೆ ದಾಳಿಗಾರನೇ ಔಟ್. ಆ ನಿಯಮವು ಆಟವನ್ನು ನೋಡುವವರಿಗೆ ರೋಚಕವಾಗಿಸಿತು, ಜೊತೆಗೆ ತಂಡದೊಳಗಿನ ಒಬ್ಬನನ್ನು ಆಯ್ದು ಅವನ ಮೇಲೆ ಇಡೀ ಭಾರವನ್ನು ಹೇರುವ ಗಳಿಗೆಯನ್ನೂ ಸೃಷ್ಟಿಸಿತು. ಅದೇ ತಂಡದಲ್ಲಿ ಮೂಲೆಯಲ್ಲಿ ನಿಂತು ಸರಪಳಿ ಹಿಡಿದ ರಕ್ಷಕರಿಬ್ಬರಲ್ಲಿ ಒಬ್ಬರ ಕೈ ಇನ್ನೊಬ್ಬರ ಕೈಯಲ್ಲಿರುತ್ತದೆ. ತಪ್ಪಾದರೆ ಅದು ಸರಪಳಿಯ ತಪ್ಪು. ಖೋಖೋದ ಬೆನ್ನಟ್ಟುವವರು ಸಾಲಾಗಿ ಕುಳಿತಿರುತ್ತಾರೆ, ಖೋ ಕೊಟ್ಟೊಡನೆ ಜವಾಬ್ದಾರಿ ಬೆನ್ನಿಂದ ಬೆನ್ನಿಗೆ ದಾಟುತ್ತದೆ, ಯಾರೊಬ್ಬರ ಬಳಿಯೂ ಬಹಳ ಹೊತ್ತು ನಿಲ್ಲುವುದಿಲ್ಲ. ಓಡುವ ಮೂವರಲ್ಲಿ ಇಬ್ಬರು ಔಟಾದ ಮೇಲೆ ಉಳಿದವಳು ಮಾತ್ರ ಅಷ್ಟೂ ಕಣ್ಣುಗಳಿಗೆ ಗುರಿ. ಹೀಗಾಗಿ ಖೋಖೋ ತಂಡದ ಸರಾಸರಿ ಆತಂಕ ಇಷ್ಟು ಎಂದು ಬರೆಯುವ ಪ್ರಬಂಧವು ಬಹಳ ಮುಖ್ಯವಾದದ್ದನ್ನು ಮುಚ್ಚಿಹಾಕುತ್ತದೆ. ಯಾವ ಆಟ ಎಂಬುದಕ್ಕಿಂತ ಆ ಆಟದ ಯಾವ ಜಾಗ, ಯಾವ ನಿಮಿಷ ಎಂಬುದೇ ಹೆಚ್ಚು ಹೇಳಬಲ್ಲದು.

ಜಾತ್ರೆಯ ಕುಸ್ತಿಯಲ್ಲಿ ಮರೆಗೆ ಜಾಗವೇ ಇಲ್ಲ. ಹಲಗೆಯ ಬಡಿತ, ಸುತ್ತ ನೆರೆದ ಊರು, ಹೆಸರು ಹೇಳಿ ಕೂಗುವ ನಿರೂಪಕ, ಗೆದ್ದವನಿಗೆ ಪೇಟ ಮತ್ತು ಇನಾಮು, ಸೋತವನ ಬೆನ್ನಿಗೆ ಮೆತ್ತಿದ ಕೆಂಪು ಮಣ್ಣು. ಚಾಪೆಯ ಮೇಲಿನ ಕುಸ್ತಿಗೆ ಇನ್ನೊಂದು ಭಾರವೂ ಸೇರುತ್ತದೆ, ಅದು ಅಕ್ಷರಶಃ ಭಾರವೇ: ತೂಕದ ವರ್ಗಕ್ಕೆ ಇಳಿಯಲೆಂದು ನೀರು, ಅನ್ನ ಬಿಟ್ಟು ದೇಹವನ್ನು ಒಣಗಿಸುವ ಪದ್ಧತಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಫೈನಲ್ ತಲುಪಿಯೂ ನೂರು ಗ್ರಾಂ ಹೆಚ್ಚಳಕ್ಕಾಗಿ ಅನರ್ಹರಾದಾಗ, ಎದುರಾಳಿ ಚಾಪೆ ಹತ್ತುವ ಮುನ್ನವೇ ತಕ್ಕಡಿಯ ಮುಂದೆ ಶುರುವಾಗುವ ಸ್ಪರ್ಧೆಯೊಂದು ಲೋಕಕ್ಕೆಲ್ಲ ಕಂಡಿತು. ಹಸಿದ, ಬಾಯಾರಿದ ದೇಹ ಕೊಡುವ ನಡುಕವನ್ನು ಮನಸ್ಸು ಹೆದರಿಕೆಯೆಂದು ಓದಿಕೊಳ್ಳುವುದು ಸುಲಭ. ಆದುದರಿಂದ ಕುಸ್ತಿಪಟುಗಳ ದೈಹಿಕಾತಂಕದ ಅಂಕದಲ್ಲಿ ಎಷ್ಟು ಪಾಲು ಆತಂಕದ್ದು, ಎಷ್ಟು ಪಾಲು ಉಪವಾಸದ್ದು ಎಂದು ಬೇರ್ಪಡಿಸದೆ ತೀರ್ಮಾನಕ್ಕೆ ಬರಬಾರದು.

ಆಟದ ಕೆಲಸ ಎಂಥದು ಎಂಬುದೂ ಲೆಕ್ಕಕ್ಕೆ ಬರಬೇಕು. ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ 1908ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಿಂದ ಹೊರಟ ತತ್ತ್ವವೊಂದು, ಉದ್ರೇಕವು ಒಂದು ಮಟ್ಟದವರೆಗೆ ಕೆಲಸಕ್ಕೆ ನೆರವಾಗಿ ಅದನ್ನು ಮೀರಿದರೆ ಕೆಡಿಸುತ್ತದೆ, ಕೆಲಸ ಕಷ್ಟವಾದಷ್ಟೂ ಆ ಮಟ್ಟ ಕೆಳಗಿರುತ್ತದೆ ಎನ್ನುತ್ತದೆ. ಜೋಸೆಫ್ ಆಕ್ಸೆಂಡೈನ್ 1970ರಲ್ಲಿ ಇದನ್ನು ಕ್ರೀಡೆಗೆ ಹೊಂದಿಸಿ, ಭಾರ ಎತ್ತುವವರಿಗೆ ಬೇಕಾದ ಉದ್ರೇಕ ಬಿಲ್ಲುಗಾರರನ್ನು ಹಾಳುಮಾಡೀತು ಎಂದು ವಿವರಿಸಿದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಶೂಟಿಂಗ್ ಪಟು ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ ಮೊದಲು ಫಿನ್ಲೆಂಡಿನ ಎದುರಾಳಿಯೊಂದಿಗೆ ಸಮನಾಗಿದ್ದು, ಆ ಕೊನೆಯ ಗುಂಡಿಗೆ 10.8 ಅಂಕ ಪಡೆದು ಚಿನ್ನ ಗೆದ್ದಾಗ, ಆತಂಕವೇ ಇರಲಿಲ್ಲವೆಂದಲ್ಲ. ಎತ್ತರಕ್ಕೆ ಹೆದರುತ್ತಿದ್ದ ಅವರು ಅದಕ್ಕೆ ಮೊದಲು ಜರ್ಮನಿಯಲ್ಲಿ ಎತ್ತರದ ಕಂಬವೊಂದನ್ನು ಹತ್ತಿ, ಹೆದರಿಕೆಯ ನಡುವೆಯೂ ಕೆಲಸ ಮಾಡುವುದನ್ನು ರೂಢಿಸಿಕೊಂಡಿದ್ದರು. ರಷ್ಯಾದ ಯೂರಿ ಹಾನಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರಿಯಾದ ಮಟ್ಟ ಎಂಬುದು ಆಟಕ್ಕೊಂದರಂತೆ ಅಲ್ಲ, ಆಟಗಾರರಿಗೊಂದರಂತೆ ಇರುತ್ತದೆ ಎಂದು ತೋರಿಸಿದರು. ಬ್ರಿಟನ್ನಿನ ಗ್ರಹಾಂ ಜೋನ್ಸ್ ಮತ್ತು ಸಂಗಡಿಗರು 1994ರಲ್ಲಿ ಈಜುಗಾರರಲ್ಲಿ ಕಂಡದ್ದೂ ಗಮನಾರ್ಹ: ಮೇಲ್ಮಟ್ಟದವರಿಗೂ ಉಳಿದವರಿಗೂ ಆತಂಕದ ಪ್ರಮಾಣದಲ್ಲಿ ಅಂತರವಿರಲಿಲ್ಲ, ಅದೇ ಎದೆಬಡಿತವನ್ನು ಮೇಲ್ಮಟ್ಟದವರು ದೇಹ ಸಿದ್ಧವಾಗುತ್ತಿದೆ ಎಂದು ಬಗೆಯುತ್ತಿದ್ದರು.

ಸೊಲ್ಲಾಪುರವೇ ಈ ಶಾಸ್ತ್ರಕ್ಕೆ ಒಂದು ದೊಡ್ಡ ನಿದರ್ಶನವನ್ನು ಒದಗಿಸಿದೆ. 1926ರ ಮಾರ್ಚ್ 28ರಂದು ಇಲ್ಲಿ ಹುಟ್ಟಿದ ಕ್ರಿಕೆಟಿಗ ಪಾಲಿ ಉಮ್ರಿಗರ್, 1952ರ ಫೆಬ್ರವರಿಯಲ್ಲಿ ಮದರಾಸಿನಲ್ಲಿ ಭಾರತ ತನ್ನ ಮೊತ್ತಮೊದಲ ಟೆಸ್ಟ್ ಗೆಲುವನ್ನು ಇಂಗ್ಲೆಂಡಿನ ವಿರುದ್ಧ ಪಡೆದಾಗ ಔಟಾಗದೆ 130 ಓಟ ಗಳಿಸಿದವರು. ಅದೇ ವರ್ಷದ ಬೇಸಗೆಯಲ್ಲಿ ತಂಡ ಇಂಗ್ಲೆಂಡಿಗೆ ಹೋಯಿತು. ಲೀಡ್ಸ್‌ನ ಮೊದಲ ಟೆಸ್ಟಿನ ಎರಡನೇ ಇನಿಂಗ್ಸಿನಲ್ಲಿ ಫ್ರೆಡ್ ಟ್ರೂಮನ್ ಎಂಬ ಹೊಸ ವೇಗಿ ಮುಂಚೂಣಿಯಲ್ಲಿದ್ದ ದಾಳಿಗೆ ಭಾರತ ಒಂದೂ ಓಟವಿಲ್ಲದೆ ನಾಲ್ಕು ವಿಕೆಟ್ ಕಳೆದುಕೊಂಡಿತು. ಮ್ಯಾಂಚೆಸ್ಟರ್‌ನಲ್ಲಿ ಒಂದೇ ದಿನದಲ್ಲಿ 58ಕ್ಕೂ 82ಕ್ಕೂ ಎರಡು ಸಲ ಆಲೌಟಾಯಿತು. ನಾಲ್ಕು ಟೆಸ್ಟುಗಳ ಏಳು ಇನಿಂಗ್ಸುಗಳಲ್ಲಿ ಉಮ್ರಿಗರ್ ಗಳಿಸಿದ್ದು 43 ಓಟ. ಆಶ್ಚರ್ಯವೆಂದರೆ ಅದೇ ಪ್ರವಾಸದ ಪ್ರಥಮ ದರ್ಜೆ ಪಂದ್ಯಗಳಲ್ಲಿ ಅವರು ಒಟ್ಟು 1,688 ಓಟ ಗಳಿಸಿ ತಂಡದಲ್ಲಿ ಎಲ್ಲರಿಗಿಂತ ಮುಂದಿದ್ದರು. ದೇಶವೂ ಅದೇ, ಹವೆಯೂ ಅದೇ, ಬ್ಯಾಟು ಹಿಡಿದ ಕೈಯೂ ಅದೇ. ಕೌಂಟಿ ತಂಡಗಳ ಮುಂದೆ ಧಾರಾಳವಾಗಿ ಹರಿದ ಓಟ ಟೆಸ್ಟಿನಲ್ಲಿ ಮಾತ್ರ ಬತ್ತಿಹೋಯಿತು.

ಟ್ರೂಮನ್ ಓಡಿ ಬಂದಾಗ ಉಮ್ರಿಗರ್ ಲೆಗ್ ಬದಿಗೆ ಸರಿಯುತ್ತಿದ್ದರೆಂಬುದನ್ನು ಕ್ರಿಕೆಟ್ ಬರಹಗಾರರು ದಶಕಗಳ ಕಾಲ ನಗೆಯ ವಸ್ತುವಾಗಿ ಬಳಸಿದರು. ಆ ನಗೆ ಅನ್ಯಾಯದ್ದು. ಹೆಲ್ಮೆಟ್ ಇಲ್ಲದ ಕಾಲದಲ್ಲಿ, ಅಂಥ ವೇಗವನ್ನು ತಮ್ಮ ನೆಲದಲ್ಲಿ ಅಷ್ಟಾಗಿ ಕಂಡಿರದ ತಂಡದ ಆಟಗಾರನಿಗೆ ಚೆಂಡಿನ ಭಯ ಸಹಜ. ಮೊದಲ ವೈಫಲ್ಯದ ಮೇಲೆ ಪತ್ರಿಕೆಗಳೂ ಪ್ರೇಕ್ಷಕರೂ ಆ ಹೆಜ್ಜೆಯನ್ನೇ ಕಾಯತೊಡಗಿದಾಗ ಭಯದ ಜಾಗದಲ್ಲಿ ಆತಂಕ ಬಂದು ಕೂತಿತೆಂದು ಊಹಿಸುವುದಕ್ಕೆ ಎಡೆಯಿದೆ. ಸ್ವಭಾವಾತಂಕವೇ ಕಾರಣವಾಗಿದ್ದರೆ ಆ 1,688 ಓಟಗಳನ್ನು ವಿವರಿಸಲಾಗದು. ಮರುವರ್ಷ ವೆಸ್ಟ್ ಇಂಡೀಸ್ ಪ್ರವಾಸದ ಟೆಸ್ಟುಗಳಲ್ಲಿ ಅವರು 560 ಓಟ ಗಳಿಸಿದರು. 1955ರಲ್ಲಿ ಹೈದರಾಬಾದಿನಲ್ಲಿ ನ್ಯೂಜಿಲೆಂಡ್ ವಿರುದ್ಧ 223 ಗಳಿಸಿ ಟೆಸ್ಟಿನಲ್ಲಿ ದ್ವಿಶತಕ ಬಾರಿಸಿದ ಮೊದಲ ಭಾರತೀಯರಾದರು. 1952ರಲ್ಲಿ 4 ಮತ್ತು 3 ಓಟಗಳಿಗೆ ಔಟಾಗಿದ್ದ ಅದೇ ಮ್ಯಾಂಚೆಸ್ಟರ್‌ನಲ್ಲಿ 1959ರಲ್ಲಿ 118 ಗಳಿಸಿದರು. 59 ಟೆಸ್ಟುಗಳಲ್ಲಿ 12 ಶತಕಗಳೊಂದಿಗೆ 3,631 ಓಟ ಗಳಿಸಿದವರನ್ನು ಆ ಒಂದು ಬೇಸಗೆಯಿಂದ ಅಳೆಯುವುದು ಎಷ್ಟು ತಪ್ಪೋ, ಒಂದು ಮಧ್ಯಾಹ್ನ ತುಂಬಿಸಿದ ಪ್ರಶ್ನಾವಳಿಯಿಂದ ಒಬ್ಬ ಹುಡುಗಿಯನ್ನು ಅಂಜುಬುರುಕಿ ಎಂದು ತೀರ್ಮಾನಿಸುವುದೂ ಅಷ್ಟೇ ತಪ್ಪು. ಉಮ್ರಿಗರ್ ಗಂಡಸಾಗಿದ್ದುದರಿಂದ ಅವರ ಪ್ರಕರಣವನ್ನು ಯಾರೂ ಗಂಡಸರ ಸ್ವಭಾವವೆಂದು ಓದಲಿಲ್ಲ ಎಂಬುದನ್ನೂ ಇಲ್ಲಿಯೇ ಗುರುತಿಸಿಕೊಳ್ಳಬೇಕು.

ಲಿಂಗಭೇದದ ಪ್ರಶ್ನೆ ಇಲ್ಲಿಂದ ಸ್ಪಷ್ಟವಾಗುತ್ತದೆ. ಮಹಿಳಾ ಕ್ರೀಡಾಪಟುಗಳ ಸರಾಸರಿ ಅಂಕ, ಮುಖ್ಯವಾಗಿ ಚಿಂತನಾತಂಕದಲ್ಲಿ, ಪುರುಷರಿಗಿಂತ ತುಸು ಹೆಚ್ಚು, ಆತ್ಮವಿಶ್ವಾಸದ ಅಂಕ ತುಸು ಕಡಿಮೆ ಎಂಬುದು ಅನೇಕ ಅಧ್ಯಯನಗಳ ಫಲಿತ. ಆದರೆ ಎರಡು ಸರಾಸರಿಗಳ ನಡುವಿನ ಅಂತರಕ್ಕಿಂತ ಒಂದೊಂದು ಗುಂಪಿನೊಳಗಿನ ಹರವು ಎಷ್ಟೋ ಪಾಲು ದೊಡ್ಡದು. ಯಾರಾದರೊಬ್ಬ ಹುಡುಗಿಯನ್ನೂ ಒಬ್ಬ ಹುಡುಗನನ್ನೂ ಎದುರಿಗೆ ನಿಲ್ಲಿಸಿದರೆ ಹೆಚ್ಚು ಕಳವಳಪಡುವವರು ಯಾರೆಂದು ಲಿಂಗದ ಆಧಾರದಿಂದ ಹೇಳುವುದು ಸಾಧ್ಯವಿಲ್ಲ. ಮೇಲಾಗಿ ಈ ಅಂಕಗಳು ಆಟಗಾರರು ತಾವೇ ಹೇಳಿಕೊಂಡವು. ಹೆದರಿಕೆಯನ್ನು ಒಪ್ಪಿಕೊಳ್ಳುವುದು ಗಂಡಸುತನಕ್ಕೆ ಕುಂದು ಎಂದು ಗರಡಿಯ ವಸ್ತಾದನಿಂದ ಬೈಸಿಕೊಂಡು ಬೆಳೆದ ಹುಡುಗ ಕಾಗದದ ಮೇಲೂ ಅದನ್ನು ಒಪ್ಪಿಕೊಳ್ಳುವುದು ಕಷ್ಟ. ಕಾರ್ಟಿಸಾಲ್ ಎಂಬುದು ಒತ್ತಡದ ಹೊತ್ತಿನಲ್ಲಿ ಮೂತ್ರಪಿಂಡದ ಮೇಲಿನ ಗ್ರಂಥಿಗಳು ಸ್ರವಿಸುವ ಹಾರ್ಮೋನು. ಜೊಲ್ಲಿನಲ್ಲಿ ಅದನ್ನು ಅಳೆದು ಪ್ರಶ್ನಾವಳಿಯ ಅಂಕಗಳ ಪಕ್ಕಕ್ಕಿಟ್ಟರೆ ಎರಡೂ ಯಾವಾಗಲೂ ತಾಳೆಯಾಗುವುದಿಲ್ಲ.

1987ರಲ್ಲಿ ಸಂಶೋಧಕರಾದ ಆ್ಯಂಡರ್ಸನ್ ಮತ್ತು ವಿಲಿಯಮ್ಸ್ ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಲು ನೋಡಿದರು. ಆಟಗಾರರನ್ನು ಹುಟ್ಟಿನ ಲಿಂಗದಿಂದಲ್ಲದೆ, ಸಮಾಜ ಹೆಣ್ಣಿಗೆ ಅಥವಾ ಗಂಡಿಗೆ ಒಪ್ಪಿಸಿದ ಗುಣಗಳಲ್ಲಿ ಯಾವುವನ್ನು ಅವರು ತಮ್ಮವೆಂದು ಒಪ್ಪಿಕೊಂಡಿದ್ದಾರೆ ಎಂಬುದರಿಂದ ವಿಂಗಡಿಸಿದಾಗ, ಸೌಮ್ಯತೆ, ವಿಧೇಯತೆಯಂಥ ಗುಣಗಳಿಗೆ ಹೆಚ್ಚು ಒಗ್ಗಿಕೊಂಡವರಲ್ಲಿ ಸ್ಪರ್ಧಾತಂಕ ಹೆಚ್ಚಾಗಿ ಕಂಡಿತು. ಅಂದರೆ ಅಂಕವನ್ನು ಏರಿಸುವುದು ದೇಹಕ್ಕಿಂತ ಹೆಚ್ಚಾಗಿ ಬೆಳೆಸಿದ ರೀತಿ. ಜೋನ್ಸ್, ಸ್ವೇನ್ ಮತ್ತು ಕೇಲ್ 1991ರಲ್ಲಿ ವಿಶ್ವವಿದ್ಯಾಲಯದ ಕ್ರೀಡಾಪಟುಗಳಲ್ಲಿ ಕಂಡದ್ದು ಇನ್ನೂ ಸೂಕ್ಷ್ಮ: ಪುರುಷರ ಚಿಂತನಾತಂಕ ಎದುರಾಳಿಯ ಬಲ ಮತ್ತು ಗೆಲ್ಲುವ ಸಂಭವಗಳಿಗೆ ಅಂಟಿಕೊಂಡಿದ್ದರೆ, ಮಹಿಳೆಯರದು ತಾನೇ ಹಾಕಿಕೊಂಡ ಗುರಿಯನ್ನು ಮುಟ್ಟುವೆನೇ ಎಂಬುದಕ್ಕೆ ಅಂಟಿಕೊಂಡಿತ್ತು; ಪಂದ್ಯ ಹತ್ತಿರವಾದಂತೆ ಮಹಿಳೆಯರ ಚಿಂತೆ ಏರಿತು, ಪುರುಷರದು ಇದ್ದಲ್ಲೇ ಉಳಿಯಿತು. ಹಾಗಿದ್ದರೆ ಈ ಹೆಚ್ಚಿನ ಚಿಂತೆ ಮಹಿಳೆಯರ ಆಟವನ್ನು ಹೆಚ್ಚು ಕೆಡಿಸುತ್ತದೆಯೇ? ಟಿಮ್ ವುಡ್‌ಮನ್ ಮತ್ತು ಲ್ಯೂ ಹಾರ್ಡಿ 48 ಅಧ್ಯಯನಗಳನ್ನು ಒಟ್ಟುಗೂಡಿಸಿ 2003ರಲ್ಲಿ ಮಾಡಿದ ವಿಶ್ಲೇಷಣೆಯ ಉತ್ತರ ರೂಢಿಯ ನಂಬಿಕೆಗೆ ತಿರುಗುಬಾಣವಾಗಿದೆ: ಚಿಂತನಾತಂಕ ಆಟವನ್ನು ಕೆಡಿಸುವ ಪ್ರಮಾಣ ಒಟ್ಟಾರೆ ಸಣ್ಣದು, ಆತ್ಮವಿಶ್ವಾಸ ಅದನ್ನು ಎತ್ತುವ ಪ್ರಮಾಣ ಅದಕ್ಕಿಂತ ದೊಡ್ಡದು, ಮತ್ತು ಎರಡರ ಪರಿಣಾಮವೂ ಪುರುಷರಲ್ಲೇ ಹೆಚ್ಚು. ಹೆಚ್ಚು ಆತಂಕವನ್ನು ಹೇಳಿಕೊಳ್ಳುವ ಮಹಿಳೆಯರು ಅದನ್ನು ಹೊತ್ತುಕೊಂಡೇ ಆಡಬಲ್ಲರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಪಣದ ಪ್ರಶ್ನೆ ಇನ್ನೂ ಉಳಿಯುತ್ತದೆ, ಇಲ್ಲಿ ಅಂಕಿಅಂಶಗಳಿಗಿಂತ ಇತಿಹಾಸ ಹೆಚ್ಚು ಮಾತಾಡುತ್ತದೆ. ಪುರುಷರ ಮಹಾರಾಷ್ಟ್ರ ಕೇಸರಿ ಕುಸ್ತಿ 1961ರಿಂದ ನಡೆದು ಬಂದಿದೆ. ಮಹಿಳಾ ಮಹಾರಾಷ್ಟ್ರ ಕೇಸರಿ ಮೊದಲ ಬಾರಿಗೆ ಸಾಂಗಲಿಯಲ್ಲಿ ನಡೆದದ್ದು 2023ರಲ್ಲಿ. ಪುರುಷರ ಐಪಿಎಲ್ 2008ರಲ್ಲಿ ಶುರುವಾಯಿತು, ಮಹಿಳೆಯರ ಲೀಗ್ 2023ರಲ್ಲಿ. ಏಷ್ಯನ್ ಕ್ರೀಡಾಕೂಟಕ್ಕೆ ಪುರುಷರ ಕಬಡ್ಡಿ 1990ರಲ್ಲಿ, ಮಹಿಳೆಯರದು 2010ರಲ್ಲಿ ಸೇರಿತು. ವರ್ಷಕ್ಕೆ ಹತ್ತು ಅವಕಾಶ ಸಿಗುವವನು ಒಂದನ್ನು ಕಳೆದುಕೊಂಡರೆ ಒಂಬತ್ತು ಉಳಿಯುತ್ತವೆ, ಎರಡೇ ಸಿಗುವವಳಿಗೆ ಒಂದೊಂದರ ತೂಕವೂ ಬೇರೆ. ಸೊಲ್ಲಾಪುರ ಜಿಲ್ಲೆಯಲ್ಲಿ ಹುಟ್ಟಿದ ಕಿರಣ್ ನವಗಿರೆ ದೂರದ ನಾಗಾಲ್ಯಾಂಡಿನ ಪರವಾಗಿ ಆಡಿ 2022ರಲ್ಲಿ ಅರುಣಾಚಲ ಪ್ರದೇಶದ ವಿರುದ್ಧ ಔಟಾಗದೆ 162 ಓಟ ಬಾರಿಸಿದರು. ಗಂಡಸರನ್ನೂ ಲೆಕ್ಕಕ್ಕೆ ಹಿಡಿದರೂ ಟಿ20 ಪಂದ್ಯವೊಂದರಲ್ಲಿ 150 ದಾಟಿದ ಮೊದಲ ಭಾರತೀಯರು ಅವರೇ. ಅಂಥ ಪ್ರತಿಭೆ ಅಷ್ಟು ದೂರ ಹೋಗಿ ಗುರುತಿಸಿಕೊಳ್ಳಬೇಕಾಯಿತು ಎಂಬುದು ಅವಕಾಶದ ಕೊರತೆಯನ್ನು ಎತ್ತಿ ತೋರಿಸುತ್ತದೆ. ಹಳ್ಳಿಯ ಶಾಲೆಯ ಹುಡುಗಿಗೆ ಇದರೊಂದಿಗೆ ಇನ್ನೂ ಕೆಲವು ಭಾರಗಳಿವೆ: ಅರ್ಧ ಚಡ್ಡಿ ತೊಟ್ಟು ಊರ ಮುಂದೆ ಕಬಡ್ಡಿ ಆಡುವ ಸಂಕೋಚ, ಪಂದ್ಯದ ದಿನವೇ ಮುಟ್ಟಾದರೆ ಬಟ್ಟೆ ಬದಲಿಸಲು ಮೈದಾನದಲ್ಲಿ ಕೋಣೆ ಇಲ್ಲದಿರುವುದು, ಕತ್ತಲಾಗುವ ಮೊದಲು ಮನೆ ಸೇರಬೇಕೆಂಬ ಕಟ್ಟಳೆ, ಸೋತು ಬಂದರೆ ಆಟ ಸಾಕು ಎನ್ನಲು ಕಾದು ಕೂತ ಬಂಧುಗಳು. ಇವು ಯಾವ ಪ್ರಶ್ನಾವಳಿಯ ಹೇಳಿಕೆಗಳಲ್ಲೂ ಇಲ್ಲ, ಅಂಕದಲ್ಲಿ ಮಾತ್ರ ಸೇರಿಕೊಳ್ಳುತ್ತವೆ.

ಪಣ ದೊಡ್ಡದಾದಾಗ ಇಡೀ ತಂಡವೇ ಕುಸಿಯುವುದೂ ಉಂಟು. 2017ರ ಜುಲೈ 23ರಂದು ಲಾರ್ಡ್ಸ್ ಮೈದಾನದ ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡಿನ 228ನ್ನು ಬೆನ್ನಟ್ಟಿದ ಭಾರತದ ಮಹಿಳೆಯರು 3 ವಿಕೆಟ್‌ಗೆ 191 ತಲುಪಿ, ಉಳಿದ ಏಳು ವಿಕೆಟ್‌ಗಳನ್ನು 28 ಓಟಗಳಲ್ಲಿ ಕಳೆದುಕೊಂಡು ಒಂಬತ್ತು ಓಟಗಳಿಂದ ಸೋತರು. ಕಡೂರಿನ ವೇದಾ ಕೃಷ್ಣಮೂರ್ತಿ 35 ಗಳಿಸಿ ಔಟಾದರು. ಅದೇ ಕೂಟದಲ್ಲಿ ನ್ಯೂಜಿಲೆಂಡ್ ವಿರುದ್ಧ 15 ಓಟಕ್ಕೆ 5 ವಿಕೆಟ್ ಕಿತ್ತಿದ್ದ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಕೊನೆಯ ಗಳಿಗೆಯಲ್ಲಿ ಬ್ಯಾಟು ಹಿಡಿದು ನಿಲ್ಲಬೇಕಾಯಿತು, ಅವರ ವಿಕೆಟ್ಟಿನೊಂದಿಗೆ ಇನಿಂಗ್ಸ್ ಮುಗಿಯಿತು. ಚಿಂತೆ ಹೆಚ್ಚಿರುವಾಗ ದೇಹದ ಉದ್ರೇಕವೂ ಎಲ್ಲೆ ದಾಟಿದರೆ ಆಟ ಮೆಲ್ಲನೆ ಇಳಿಯುವ ಬದಲು ಒಮ್ಮೆಗೇ ಕುಸಿಯುತ್ತದೆ ಎಂದು ಫೇಝಿ ಮತ್ತು ಹಾರ್ಡಿ 1988ರಲ್ಲಿ ಹೇಳಿದ್ದು ಇಂಥ ಕುಸಿತವನ್ನು ವಿವರಿಸಲೆಂದೇ. 1952ರ ಮ್ಯಾಂಚೆಸ್ಟರ್‌ನಲ್ಲಿ ಕುಸಿದವರು ಪುರುಷರು, 2017ರ ಲಂಡನ್ನಿನಲ್ಲಿ ಮಹಿಳೆಯರು. ವಿವರಣೆ ಎರಡಕ್ಕೂ ಒಂದೇ ಆಗಿರಬೇಕು.

ಎಂಟು ವರ್ಷಗಳ ನಂತರ, 2025ರ ಅಕ್ಟೋಬರ್ 30ರಂದು ನವಿ ಮುಂಬಯಿಯ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾದ 338ನ್ನು ಭಾರತ ಬೆನ್ನಟ್ಟಿ ಗೆದ್ದಾಗ ಔಟಾಗದೆ 127 ಗಳಿಸಿದವರು, ಮಂಗಳೂರು ಮೂಲದ ಕುಟುಂಬದ ಜೆಮಿಮಾ ರೋಡ್ರಿಗ್ಸ್. ಕೂಟದ ನಡುವೆ ಒಂದು ಪಂದ್ಯಕ್ಕೆ ಅವರನ್ನು ಕೈಬಿಡಲಾಗಿತ್ತು. ಗೆದ್ದ ಮೇಲೆ ಅವರು ಪತ್ರಕರ್ತರ ಮುಂದೆ, ಕೂಟದ ವೇಳೆ ತಾವು ತೀವ್ರ ಆತಂಕದಿಂದ ಬಳಲಿದ್ದನ್ನೂ, ತಾಯಿಗೆ ಫೋನು ಮಾಡಿ ಅಳುತ್ತಿದ್ದುದನ್ನೂ, ಸಂಗಾತಿ ಆಟಗಾರ್ತಿಯರು ಜೊತೆಗೆ ನಿಂತದ್ದನ್ನೂ ಮುಚ್ಚಿಡದೆ ಹೇಳಿದರು. ಪ್ರಶ್ನಾವಳಿಯ ಸರಾಸರಿಯನ್ನು ಏರಿಸುವುದು ಇಂಥದೇ ಪ್ರಾಮಾಣಿಕತೆ. ಆ ಅಂಕವನ್ನು ದೌರ್ಬಲ್ಯವೆಂದು ಬರೆದುಕೊಳ್ಳುವ ಸಂಶೋಧಕನು 127 ಓಟಗಳನ್ನು ಯಾವ ಕಾಲಮಿನಲ್ಲಿ ಬರೆದುಕೊಳ್ಳಬೇಕು?

ಗಡಿಯ ಮಕ್ಕಳ ವಿಷಯದಲ್ಲಿ ಅಳತೆಯ ಇನ್ನೊಂದು ತೊಡಕಿದೆ. ಮನೆಯಲ್ಲೂ ಶಾಲೆಯಲ್ಲೂ ಕನ್ನಡದಲ್ಲಿ ಬದುಕುವ ಅಕ್ಕಲಕೋಟದ ಹುಡುಗಿಯ ಕೈಗೆ ಪಂದ್ಯಕ್ಕೆ ಅರ್ಧ ಗಂಟೆ ಮೊದಲು ಇಂಗ್ಲಿಷಿನ ಅಥವಾ ಮರಾಠಿಯ ಹಾಳೆ ಕೊಟ್ಟರೆ, ತಪ್ಪಾಗಿ ಓದಿಕೊಂಡೇನೋ ಎಂಬ ಕಳವಳವೂ ಆಟದ ಕಳವಳದೊಂದಿಗೆ ಎಣಿಕೆಗೆ ಸೇರುತ್ತದೆ. ತಾಲ್ಲೂಕು ಮಟ್ಟದಲ್ಲಿ ನಿರ್ಭಯವಾಗಿ ಓಡಿದವಳು ವಿಭಾಗ ಮಟ್ಟದಲ್ಲಿ, ಸೂಚನೆ, ಕೂಗು, ಪಂಚರ ತೀರ್ಪು ಎಲ್ಲವೂ ಇನ್ನೊಂದು ಭಾಷೆಯಲ್ಲಿರುವ ಕಡೆ, ತಡವರಿಸಿದರೆ ಅದಕ್ಕೆ ಮನೋಬಲದ ಕೊರತೆಯೊಂದೇ ಕಾರಣವಾಗಿರಬೇಕಿಲ್ಲ. 2004ರಲ್ಲಿ ಸ್ಥಾಪನೆಯಾಗಿ ಈಗ ಪುಣ್ಯಶ್ಲೋಕ ಅಹಲ್ಯಾದೇವಿ ಹೋಳ್ಕರ್ ಅವರ ಹೆಸರು ಹೊತ್ತಿರುವ ಸೊಲ್ಲಾಪುರ ವಿಶ್ವವಿದ್ಯಾಲಯವೂ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ ಸುಮಾರು ನೂರು ಕಿಲೋಮೀಟರ್ ಅಂತರದಲ್ಲಿವೆ. ಈ ಸೀಮೆಯ ಆಡುಮಾತಿನಲ್ಲಿ ಹೇಳಿಕೆಗಳನ್ನು ಸಿದ್ಧಪಡಿಸಿ, ಇಲ್ಲಿನ ಆಟಗಾರರ ಮೇಲೆಯೇ ಅವುಗಳ ವಿಶ್ವಾಸಾರ್ಹತೆಯನ್ನು ಪರೀಕ್ಷಿಸಿ ಒಂದು ಕನ್ನಡ ಪ್ರಶ್ನಾವಳಿಯನ್ನು ರೂಪಿಸುವ ಕೆಲಸ ಎರಡರ ಕೈಗೂ ಎಟುಕುವಂಥದು, ಮಾಡಲೇಬೇಕಾದದ್ದು.

ಅದಕ್ಕಾಗಿ ಕಾಯುತ್ತ ತರಬೇತುದಾರರು ಸುಮ್ಮನಿರಬೇಕಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮಾಲ್, ಶಾನ್ ಕಮಿಂಗ್ ಅವರೊಂದಿಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಕ್ಕಳ ಬ್ಯಾಸ್ಕೆಟ್‌ಬಾಲ್ ತರಬೇತುದಾರರಿಗೆ ಒಂದೂವರೆ ಗಂಟೆಗಿಂತಲೂ ಕಡಿಮೆ ಅವಧಿಯ ಶಿಬಿರವೊಂದನ್ನು ನಡೆಸಲಾಯಿತು. ಕಲಿಸಿದ ಸಂಗತಿಗಳು ಸರಳವಾಗಿದ್ದವು: ಗೆಲುವಿಗಿಂತ ಪ್ರಯತ್ನವನ್ನೂ ಸುಧಾರಣೆಯನ್ನೂ ಹೊಗಳುವುದು, ತಪ್ಪು ಮಾಡಿದ ಕೂಡಲೇ ಗದರದೆ ತಿದ್ದಿ ಹುರಿದುಂಬಿಸುವುದು, ಒಬ್ಬರನ್ನು ಇನ್ನೊಬ್ಬರೊಂದಿಗೆ ಹೋಲಿಸದಿರುವುದು. ಹಂಗಾಮು ಮುಗಿಯುವ ಹೊತ್ತಿಗೆ ಆ ತರಬೇತುದಾರರ ಬಳಿ ಆಡಿದ ಮಕ್ಕಳ ಆತಂಕ ಇಳಿದಿತ್ತು, ಹುಡುಗರಲ್ಲೂ ಹುಡುಗಿಯರಲ್ಲೂ. ಅಂಥ ಶಿಬಿರಕ್ಕೆ ಬೇಕಾದದ್ದು ಒಂದು ಕೋಣೆ, ಒಂದು ಬೆಳಗು, ಮತ್ತು ಖೋಖೋದ ಕೊನೆಯ ಓಟಗಾರ್ತಿ, ಕಬಡ್ಡಿಯ ಮೂರನೇ ದಾಳಿಗಾರ, ತಕ್ಕಡಿಯ ಮುಂದೆ ನಿಂತ ಪೈಲ್ವಾನ ಇವರು ಯಾವ ನಿಮಿಷದಲ್ಲಿ ಒಂಟಿಯಾಗುತ್ತಾರೆ ಎಂಬುದನ್ನು ಬಲ್ಲ ತರಬೇತುದಾರರು. ಶಾಲಾ ಪಂದ್ಯಾವಳಿಗಳು ಶುರುವಾಗುವ ಮಳೆಗಾಲಕ್ಕೆ ಮೊದಲು ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳ ದೈಹಿಕ ಶಿಕ್ಷಕರಿಗಾಗಿ ಅದನ್ನು ಕನ್ನಡದಲ್ಲಿಯೇ ನಡೆಸಬಹುದು.